ಬಡವನ ಕುದುರೆ: ಒಂದು ಹಳೆಯ ಬೈಸಿಕಲ್ಲಿನ ಇತಿಹಾಸ

ಠಾಣೆಯ ಕನ್ನಡಿಗರಾದ ನಮಗೆ ಘೋಡಬಂದರ್ ರಸ್ತೆಯ ಹೆಸರು ನಿತ್ಯದ ಮಾತು. ಮಾಜಿವಾಡೆ, ಮಾನಪಾಡೆ, ಕಾಸಾರವಡವಲಿಗಳನ್ನು ದಾಟಿ, ಗಾಯಮುಖದ ಏರನ್ನು ಹತ್ತಿ, ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಖಾಡಿ ಇವುಗಳ ನಡುವೆ ಸಾಗುವ ಈ ದಾರಿಯು ಘೋಡಬಂದರ್ ಎಂಬ ಹಳೆಯ ಊರನ್ನು ಮುಟ್ಟುತ್ತದೆ. ಘೋಡಾ ಎಂದರೆ ಕುದುರೆ. ಬಂದರ್ ಎಂದರೆ ರೇವು. ಅರಬಸ್ತಾನದ ಕುದುರೆಗಳು ಹಡಗಿನಿಂದ ಇಲ್ಲಿ ಇಳಿಯುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಹೇಳುವರು. ಕುದುರೆಯ ವ್ಯಾಪಾರ ಕನ್ನಡಿಗರಿಗೂ ಹೊಸದಲ್ಲ. ವಿಜಯನಗರದ ಅರಸರು ಪಶ್ಚಿಮ ಕರಾವಳಿಯ ರೇವುಗಳಿಂದಲೇ ತಮ್ಮ ದಂಡಿಗೆ ಕುದುರೆಗಳನ್ನು ತರಿಸಿಕೊಳ್ಳುತ್ತಿದ್ದರು.

ಅರಸರ ಕುದುರೆಗಳ ಇತಿಹಾಸವನ್ನು ಬರೆದವರು ಅನೇಕರಿದ್ದಾರೆ. ನಾನಿಲ್ಲಿ ಹೇಳಹೊರಟಿರುವುದು ಬಡವನ ಕುದುರೆಯಾದ ಬೈಸಿಕಲ್ಲಿನ ಕಥೆ. ಅದೂ ಒಂದೇ ಒಂದು ಬೈಸಿಕಲ್ಲಿನದು.

ನಮ್ಮ ತಂದೆಯವರು ಅದನ್ನು ಹುಬ್ಬಳ್ಳಿಯಲ್ಲಿ 1955ರಲ್ಲಿ ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅದು ಬಹುಕಾಲ ನಮ್ಮ ವಸತಿ ಕಟ್ಟಡದ ಕೆಳಗೆ, ಗೋಡೆಗೆ ಒರಗಿ, ಧೂಳು ತಿನ್ನುತ್ತ ನಿಂತಿತ್ತು. ಕಳೆದ ಮಳೆಗಾಲಕ್ಕೆ ಮುಂಚೆ ಸೊಸಾಯಿಟಿಯವರು ಒಂದು ಸೂಚನೆಯನ್ನು ಅಂಟಿಸಿದರು. ಉಪಯೋಗದಲ್ಲಿಲ್ಲದ ಸೈಕಲ್ಲುಗಳನ್ನು ತಿಂಗಳೊಳಗೆ ತೆಗೆಯದಿದ್ದರೆ ಭಂಗಾರಕ್ಕೆ ಹಾಕಲಾಗುವುದು ಎಂದು. ಮರಾಠಿಯಲ್ಲಿ ಭಂಗಾರವೆಂದರೆ ಗುಜರಿ. ನಮ್ಮಲ್ಲಿ ಬಂಗಾರವೆಂದರೆ ಚಿನ್ನ. ಒಂದು ಮಹಾಪ್ರಾಣದಲ್ಲಿ ಎಷ್ಟೊಂದು ಅಂತರ! ನಮ್ಮ ಮನೆಯಲ್ಲಿ ಆ ವಾರವೆಲ್ಲ ಇದೇ ಚರ್ಚೆ. ಮಗನಿಗೆ ಅದು ಭಂಗಾರ, ನನಗೆ ಬಂಗಾರ. ಕೊನೆಗೆ ಅದನ್ನು ಲಿಫ್ಟಿನಲ್ಲಿ ನಿಲ್ಲಿಸಿಕೊಂಡು ಮೇಲಕ್ಕೆ ತಂದು ಬಾಲ್ಕನಿಯಲ್ಲಿಟ್ಟೆನು.

ಸೀಮೆಎಣ್ಣೆಯ ಅರಿವೆಯಿಂದ ಮುಂದಿನ ಫಲಕವನ್ನು ಒರಸಿದಾಗ ‘ಹಿಂದ್’ ಎಂಬ ಹೆಸರು ಹೊರಟಿತು. ಅದನ್ನು ಕಂಡೊಡನೆ ಒಂದು ಕಾಲವೇ ಕಣ್ಣ ಮುಂದೆ ನಿಂತಿತು.

ಇಂದಿನ ಆಕಾರದ ಬೈಸಿಕಲ್ಲಿಗೆ ಬುನಾದಿ ಹಾಕಿದ್ದು ಇಂಗ್ಲಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಹೊರತಂದ ರೋವರ್ ಎಂಬ ಗಾಡಿ. 1888ರಲ್ಲಿ ಡನ್‌ಲಪ್ ಎಂಬವರು ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದರು. ಮುಂದೆ ಅರ್ಧ ಶತಮಾನದ ಕಾಲ ನಮ್ಮ ದೇಶದಲ್ಲಿ ಓಡಿದ ಸೈಕಲ್ಲುಗಳೆಲ್ಲ ಪರದೇಶದವು: ರ‍್ಯಾಲೆ, ಹಂಬರ್, ರಡ್ಜ್, ಬಿ.ಎಸ್.ಎ. ಈ ಕೊನೆಯದು ಮೊದಲು ಬಂದೂಕು ಮಾಡುತ್ತಿದ್ದ ಬರ್ಮಿಂಗ್‌ಹ್ಯಾಮಿನ ಕಾರಖಾನೆ. ಅದರ ಮುದ್ರೆಯಲ್ಲಿ ಮೂರು ಬಂದೂಕುಗಳೇ ಇದ್ದವು. ಊರಿನಲ್ಲಿ ವಕೀಲರೂ ಡಾಕ್ಟರರೂ ಇವುಗಳ ಮೇಲೆ ಕುಳಿತು ಬಂದರೆ ಜನ ದಾರಿ ಬಿಡುತ್ತಿದ್ದ ಕಾಲವದು.

ಎರಡನೆಯ ಮಹಾಯುದ್ಧದ ಸುಮಾರಿಗೆ ಸ್ವದೇಶೀ ಕಾರಖಾನೆಗಳು ತಲೆಯೆತ್ತಿದವು. ಅವುಗಳಲ್ಲಿ ಮುಂಬಯಿಯ ವರಳಿಯಲ್ಲಿದ್ದ ಹಿಂದ್ ಸೈಕಲ್ಸ್ ಒಂದು. ಸ್ವಾತಂತ್ರ್ಯಾನಂತರ ಮದ್ರಾಸಿನ ಅಂಬತ್ತೂರಿನಲ್ಲಿ ಟಿ.ಐ., ಬಂಗಾಲದ ಆಸನ್‌ಸೋಲ್‌ನಲ್ಲಿ ಸೆನ್-ರ‍್ಯಾಲೆ, ಸೋನೀಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ, ಹೀಗೆ ಒಂದರ ಹಿಂದೆ ಒಂದು ಬಂದವು. 1950-51ರಲ್ಲಿ ದೇಶದಲ್ಲಿ ತಯಾರಾದ ಸೈಕಲ್ಲುಗಳು ಸುಮಾರು 1 ಲಕ್ಷ. 1960-61ಕ್ಕೆ ಅದು 10 ಲಕ್ಷವನ್ನು ಮೀರಿತು. ಹತ್ತೇ ವರ್ಷಗಳಲ್ಲಿ ಹತ್ತು ಪಟ್ಟು! ಗುಮಾಸ್ತನೂ ಮಾಸ್ತರನೂ ಹಾಲು ಮಾರುವವನೂ ಸೈಕಲ್ಲಿನ ಒಡೆಯರಾದದ್ದು ಈ ಹತ್ತು ವರ್ಷಗಳಲ್ಲಿ. ನಮ್ಮ ತಂದೆಯವರೂ ಅವರಲ್ಲೊಬ್ಬರು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. 1955ರಲ್ಲಿ ಹುಬ್ಬಳ್ಳಿಯು ಮುಂಬಯಿ ರಾಜ್ಯದೊಳಗಿತ್ತು. ವರಳಿಯಲ್ಲಿ ಹುಟ್ಟಿದ ಈ ಸೈಕಲ್ಲು ಹುಬ್ಬಳ್ಳಿಗೆ ಬಂದುದು ಒಂದೇ ರಾಜ್ಯದ ಒಳಗಿನ ಪ್ರಯಾಣ. ಮರುವರ್ಷ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಹರಿದು ಹಂಚಿಹೋಗಿದ್ದ ತಾಯಿಯ ಅಂಗಗಳು ಕೂಡಿದ ಆ ದಿನ ತಂದೆಯವರು ಇದೇ ಸೈಕಲ್ಲಿನ ಮುಂದಿನ ದಂಡದ ಮೇಲೆ ನನ್ನನ್ನು ಕೂರಿಸಿಕೊಂಡು ಊರನ್ನೆಲ್ಲ ಸುತ್ತಿಸಿದ್ದರೆಂದು ತಾಯಿ ಹೇಳುತ್ತಿದ್ದಳು. ನನಗಾಗ ಆರು ವರ್ಷ.

1962ರಲ್ಲಿ ಮಹಾರಾಷ್ಟ್ರದ ಔದ್ಯೋಗಿಕ ವಿಕಾಸ ಮಹಾಮಂಡಲವು ಸ್ಥಾಪಿತವಾಗಿ, ಅದರ ಮೊದಲ ವಸಾಹತು ಠಾಣೆಯ ವಾಗಳೆ ಎಸ್ಟೇಟಿನಲ್ಲಿ ಬೆಳೆಯತೊಡಗಿತು. ಮರುವರ್ಷ ತಂದೆಯವರಿಗೆ ಅಲ್ಲಿ ಕೆಲಸ ಸಿಕ್ಕಿತು. ಸೈಕಲ್ಲಿಗೆ ಗೋಣಿತಟ್ಟು ಸುತ್ತಿ ರೈಲಿನ ಲಗೇಜಿಗೆ ಹಾಕಿದರು. ಹುಬ್ಬಳ್ಳಿಯಿಂದ ಪುಣೆಯವರೆಗೆ ಆಗ ಮೀಟರ್ ಗೇಜು. ಪುಣೆಯಲ್ಲಿ ಇಳಿಸಿ ದೊಡ್ಡ ಗಾಡಿಗೆ ಏರಿಸಬೇಕು. ಹೀಗೆ ಅದು ತಾನು ಹುಟ್ಟಿದ ಊರಿನ ನೆರೆಗೇ ಮರಳಿ ಬಂದಿತು. ಆದರೆ ಅಷ್ಟರಲ್ಲಿ ಮುಂಬಯಿ ರಾಜ್ಯವೇ ಇಲ್ಲವಾಗಿತ್ತು. ಬರುವಾಗ ಗಡಿಯೊಂದನ್ನು ದಾಟಿ ಅದೂ ನಮ್ಮಂತೆ ವಲಸೆಗಾರನಾಗಿತ್ತು.

ಅದನ್ನು ಮಾಡಿದ ಕಾರಖಾನೆಯ ಗತಿಯೇನಾಯಿತು? ನಷ್ಟಕ್ಕೆ ಸಿಕ್ಕಿದ ಹಿಂದ್ ಸೈಕಲ್ಸನ್ನೂ ಸೆನ್-ರ‍್ಯಾಲೆಯನ್ನೂ 1980ರಲ್ಲಿ ಒಂದೇ ಕಾನೂನಿನಿಂದ ಸರಕಾರವು ತನ್ನ ವಶಕ್ಕೆ ತೆಗೆದುಕೊಂಡಿತು. ಆದರೂ ಅವು ಉಳಿಯಲಿಲ್ಲ. ಕಾರಖಾನೆ ಹೋಯಿತು, ಸೈಕಲ್ಲು ಉಳಿದಿದೆ. ಇಂಥ ವಸ್ತುವನ್ನು ತೂಕದ ಲೆಕ್ಕದಲ್ಲಿ ಮಾರುವುದು ಹೇಗೆ?

ಇನ್ನು ದುರಸ್ತಿಯ ವಿಚಾರ. ಮನೆಯಲ್ಲಿ ಕೈ ಹಾಕಬೇಕೆಂದಿರುವವರಿಗೆ ನನ್ನ ಅನುಭವ ಉಪಯೋಗವಾದೀತು. ಮೊದಲ ಕಷ್ಟ ಪೆಡಲಿನದು. ಎಡಗಡೆಯ ಪೆಡಲಿಗೆ ತಿರುಪು ವಿರುದ್ಧ ದಿಕ್ಕಿನಲ್ಲಿರುತ್ತದೆ. ತುಳಿಯುವಾಗ ತಾನಾಗಿ ಸಡಿಲವಾಗಬಾರದೆಂದು ಈ ಏರ್ಪಾಡು. ಇದನ್ನು ಮರೆತು ಬಲ ಹಾಕಿದರೆ ಅದು ಇನ್ನಷ್ಟು ಬಿಗಿಯುತ್ತದೆ. ಎರಡನೆಯದು ಪೆಡಲಿನ ದಂಡವನ್ನು ಹಿಡಿದಿರುವ ಕಾಟರ್ ಪಿನ್ನು. ನಾಲ್ಕು ದಿನ ಎಣ್ಣೆ ಕುಡಿಸಿ, ದಂಡದ ಕೆಳಗೆ ಗಟ್ಟಿಯಾದ ಆಧಾರ ಕೊಟ್ಟು, ಒಂದೇ ಪೆಟ್ಟಿಗೆ ಹೊರಡಿಸಬೇಕು. ಆಧಾರವಿಲ್ಲದೆ ಬಡಿದರೆ ಪಿನ್ನು ಬಾಗುವುದಲ್ಲದೆ ಒಳಗಿನ ಗುಂಡುಗಳಿಗೂ ಪೆಟ್ಟು. ಹಿಂದಿನ ಗಾಲಿಯ ನಡುವೆ ಒಂದೊಂದು ಬದಿಗೆ 9 ಗುಂಡುಗಳಿದ್ದವು. ಎಲ್ಲವನ್ನೂ ಬದಲಿಸಿ ಹೊಸ ಗ್ರೀಸು ತುಂಬಿದೆನು. ಕಡ್ಡಿಗಳು ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40. ಭಾರವೆಲ್ಲ ಹಿಂದೆ ಬೀಳುವುದರಿಂದ ಈ ಹೆಚ್ಚಳ. ಸಂತೋಷದ ಮಾತೆಂದರೆ 28 ಅಂಗುಲಕ್ಕೆ ಒಂದೂವರೆ ಅಂಗುಲದ ಟೈರು ಇಂದಿಗೂ ಪೇಟೆಯಲ್ಲಿ ಸಿಗುತ್ತದೆ. ಹಿತ್ತಾಳೆಯ ಗಂಟೆಗೆ ಮಾತ್ರ ಪೇಟೆಯ ಯಾವ ಔಷಧವೂ ಬೇಕಾಗಲಿಲ್ಲ. ನಮ್ಮ ಮನೆಯ ಹುಣಿಸೆಹಣ್ಣು ಸಾಕಾಯಿತು.

ನಿಜವಾದ ವಾದ ಹುಟ್ಟಿದ್ದು ಇದರ ಮೇಲೆ. ಮೊಮ್ಮಗನಿಗೆ ಹದಿನಾಲ್ಕು ವರ್ಷ. ಅವನು ಮುಂದೆ ಕುಳಿತು ಕೇಳಿದ:

“ಅಜ್ಜಾ, ಇದಕ್ಕ ಎಷ್ಟು ಗಿಯರ್?”

“ಒಂದ ಗಿಯರ್, ತಮ್ಮಾ. ಉಳಿದದ್ದೆಲ್ಲಾ ಕಾಲು.”

ಅವನಿಗೆ ಹಳೆಯ ಬಣ್ಣವನ್ನೆಲ್ಲ ಕೆರೆದು ಹೊಳಪಿಲ್ಲದ ಹೊಸ ಕಪ್ಪು ಬಣ್ಣ ಹೊಡೆಯುವ ಆಸೆ. ಹೊಸ ಕಾಲದ ತೆಳುವಾದ ಗಾಲಿ ಹಾಕುವ ಆಸೆ. ಗಾಲಿಯ ಪ್ರಶ್ನೆ ತಾನಾಗಿ ಬಗೆಹರಿಯಿತು. ಈ ಸೈಕಲ್ಲಿನ ಬ್ರೇಕು ಸರಳುಗಳದ್ದು. ಅದರ ರಬ್ಬರು ರಿಮ್ಮಿನ ಒಳಮೈಯನ್ನು ಹಿಡಿಯುತ್ತದೆ. ಹೊಸ ರಿಮ್ಮಿಗೆ ಅಂಥ ಒಳಮೈಯೇ ಇಲ್ಲ. ಆದರೆ ಬಣ್ಣದ ಪ್ರಶ್ನೆ ಕಠಿಣವಾಯಿತು. ದಂಡದ ಮೇಲೆ ಒಂದು ಕಡೆ ಬಣ್ಣ ಸವೆದು ಕಬ್ಬಿಣ ಕಾಣುತ್ತದೆ. ಅಲ್ಲಿ ನಾನು ಕುಳಿತಿದ್ದೆ, ನನ್ನ ತಂಗಿ ಕುಳಿತಿದ್ದಳು, ಆಮೇಲೆ ನನ್ನ ಮಗನೂ ಕುಳಿತಿದ್ದ. ಅದರ ಮೇಲೆ ಬಣ್ಣ ಹೊಡೆದರೆ ಸೈಕಲ್ಲು ಹೊಸದಾದೀತು, ನಮ್ಮದಾಗಿ ಉಳಿಯಲಾರದು. ಇದನ್ನು ಅವನಿಗೆ ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ನಾ ಇದನ್ನ ಬರೇ ನೋಡ್ಕೋತ ಕೂಡಬೇಕೇನ?” ಎಂದ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪುಣೆಯ ಕರ್ವೆನಗರದಲ್ಲಿ ವಿಕ್ರಮ ಪೆಂಡ್ಸೆಯವರು ಹಳೆಯ ಸೈಕಲ್ಲುಗಳ ಸಂಗ್ರಹಾಲಯವನ್ನೇ ಕಟ್ಟಿದ್ದಾರೆ. ಅದು ಸ್ತುತ್ಯವಾದ ಕಾರ್ಯ. ಆದರೆ ಎರಡು ಕೋಣೆಯ ಮನೆ ಸಂಗ್ರಹಾಲಯವಾಗಲಾರದು. ಓಡದ ಸೈಕಲ್ಲನ್ನು ನಾನಿರುವ ತನಕ ಕಾಯ್ದೇನು. ಆಮೇಲೆ ಅದು ಭಂಗಾರವೇ ಸರಿ.

ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಮರಳಿ ಮೊದಲಿನಂತೆ ಮಾಡಬಹುದಾದ ಬದಲಾವಣೆಯನ್ನು ಧಾರಾಳವಾಗಿ ಮಾಡಬಹುದು. ಮಾಡಿದರೆ ಮರಳಿಸಲಾಗದ್ದನ್ನು ಮುಟ್ಟಕೂಡದು. ಈ ನಿಯಮದಂತೆ ಬಣ್ಣವನ್ನು ತೊಳೆದು ಮೇಣ ಸವರಿ ಬಿಟ್ಟೆವು. ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಹಿಂದಿನದನ್ನು ತೆಗೆದು 22 ಹಲ್ಲಿನದನ್ನು ಹಾಕಿ, ಚೈನನ್ನು ಒಂದು ಅಂಗುಲ ಬೆಳೆಸಿದೆವು. ಮೊದಲು ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರು ಓಡುತ್ತಿದ್ದ ಗಾಡಿ ಈಗ ನಾಲ್ಕೂವರೆ ಮೀಟರು ಓಡುತ್ತದೆ. ವೇಗ ಕಡಿಮೆ, ಏರು ಹಗುರ. ಡೈನಮೋ ದೀಪದ ಹಳೆಯ ಬುರುಡೆಯೊಳಗೆ ಮೊಮ್ಮಗ ಎಲ್‌ಇಡಿ ದೀಪವನ್ನು ಕೂರಿಸಿದ. ತೆಗೆದ ಭಾಗಗಳನ್ನೆಲ್ಲ ಒಂದು ಡಬ್ಬಿಯಲ್ಲಿಟ್ಟು, ಏನೇನಿದೆಯೆಂದು ಚೀಟಿ ಅಂಟಿಸಿದ್ದೇವೆ. ಚೀಟಿಯನ್ನು ಕನ್ನಡದಲ್ಲಿ ಅವನಿಂದಲೇ ಬರೆಯಿಸಿದೆನು. ‘ಹಲ್ಲು’ ಎಂಬಲ್ಲಿ ಒತ್ತಕ್ಷರವನ್ನು ಬಿಟ್ಟಿದ್ದ, ತಿದ್ದಿದ.

ಒಂದು ಭಾನುವಾರ ನಸುಕಿನಲ್ಲಿ, ಲಾರಿಗಳ ಸಾಲು ಆರಂಭವಾಗುವ ಮುನ್ನ, ಅವನು ಗಾಯಮುಖದ ಕಡೆಗೆ ಹೊರಟ. ನಾನು ರಸ್ತೆಯ ಬದಿಯಲ್ಲಿ ನಿಂತಿದ್ದೆ. ಮುಕ್ಕಾಲು ಗಂಟೆಯ ಮೇಲೆ ಮರಳಿ ಬಂದು, ಬೆವರು ಒರೆಸಿಕೊಳ್ಳುತ್ತ, “ಅಜ್ಜಾ, ಏರಿನ್ಯಾಗ ಇಳೀಲಿಲ್ಲ” ಎಂದ.

ಬಂಧುಗಳೇ, ನಮ್ಮಲ್ಲಿ ಅನೇಕರ ಮನೆಗಳಲ್ಲಿ ಊರಿನಿಂದ ಬಂದ ಇಂಥ ಒಂದಾದರೂ ವಸ್ತು ಮೂಲೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಕಪಾಟಿನಲ್ಲಿಟ್ಟು ಪೂಜಿಸುವುದೂ ಬೇಡ, ತೂಕಕ್ಕೆ ಹಾಕುವುದೂ ಬೇಡ. ಮಕ್ಕಳ ಕೈಗೆ ಕೊಡೋಣ. ಅವರ ದಾರಿಯ ಏರಿಗೆ ತಕ್ಕಂತೆ ಹಲ್ಲುಚಕ್ರವನ್ನು ಬದಲಿಸಿಕೊಳ್ಳಲಿ. ಸವೆದ ಗುರುತನ್ನು ಮಾತ್ರ ಅಳಿಸದಿರಲಿ. ನಾವು ಇಲ್ಲಿಯವರೆಗೆ ಕಾಪಾಡಿಕೊಂಡು ಬಂದ ನುಡಿಗೂ ಇದೇ ಮಾತು ಸಲ್ಲುತ್ತದೆಂದು ನನ್ನ ನಂಬಿಕೆ.