ಮನೆಯ ಕೈತೋಟ: ಬೀಜದಿಂದ ತರಕಾರಿ ಬೆಳೆಯುವ ಕ್ರಮ

ಸ್ಥಳ: ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗವನ್ನು ಆಯ್ಕೆ ಮಾಡತಕ್ಕದ್ದು. ಮಣ್ಣನ್ನು ಅಗೆದು ಹದಗೊಳಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಬೇಕು. ಹಸಿ ಸಗಣಿಯನ್ನು ಬಳಸಬಾರದು.

ಬೀಜ: ಪೊಟ್ಟಣದ ಮೇಲಿನ ಅವಧಿಯನ್ನು ಪರಿಶೀಲಿಸಬೇಕು. ಹಳೆಯ ಬೀಜವಾದಲ್ಲಿ 10 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಬೇಕು. ಅರ್ಧಕ್ಕಿಂತ ಕಡಿಮೆ ಮೊಳೆತರೆ ಹೊಸ ಬೀಜ ತರುವುದು ಸೂಕ್ತ. ಸಂಕರಣ ತಳಿಯ ಹಣ್ಣಿನಿಂದ ತೆಗೆದ ಬೀಜದಲ್ಲಿ ಅದೇ ಗುಣಗಳು ಉಳಿಯುವುದಿಲ್ಲ. ಬೀಜ ಉಳಿಸಿಕೊಳ್ಳಬಯಸುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್ ಟೊಮೇಟೊ, ಅರ್ಕಾ ಅನಾಮಿಕಾ ಬೆಂಡೆಯಂತಹ ಸುಧಾರಿತ ತಳಿಗಳು ಸೂಕ್ತ.

ಬಿತ್ತನೆ: ಟೊಮೇಟೊ, ಬದನೆ, ಮೆಣಸಿನಕಾಯಿ ಬೀಜಗಳನ್ನು ಸಸಿಮಡಿಯಲ್ಲಿ ಬಿತ್ತಿ, 4 ರಿಂದ 6 ವಾರಗಳ ಸಸಿಗಳನ್ನು ಸಂಜೆಯ ವೇಳೆ ನಾಟಿ ಮಾಡಬೇಕು. ಬೆಂಡೆ, ಹುರುಳಿಕಾಯಿ, ಮೂಲಂಗಿ ಹಾಗೂ ಸೊಪ್ಪುಗಳನ್ನು ನೇರವಾಗಿ ಬಿತ್ತಬೇಕು. ಸೊಪ್ಪನ್ನು 15 ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿತ್ತಿದಲ್ಲಿ ಕುಟುಂಬಕ್ಕೆ ನಿರಂತರವಾಗಿ ದೊರೆಯುತ್ತದೆ.

ಎಚ್ಚರಿಕೆ: ಔಷಧಿ ಲೇಪಿಸಿದ ಬಣ್ಣದ ಬೀಜಗಳು ವಿಷಯುಕ್ತವಾಗಿರುತ್ತವೆ. ಉಳಿದ ಬೀಜಗಳನ್ನು ಅಡುಗೆಗೆ ಬಳಸಬಾರದು. ಮಕ್ಕಳಿಗೂ ಜಾನುವಾರುಗಳಿಗೂ ಸಿಗದಂತೆ ಇಡತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ತಮ್ಮ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸಬಹುದು.