ಎಂಪ್ರೆಸ್ ಮಿಲ್ಲಿನಿಂದ ಮಿಹಾನ್‌ವರೆಗೆ: ನಾಗಪುರದಲ್ಲಿ ವ್ಯವಹಾರ ಪರಿಸರ, ಗುಣಮಟ್ಟ ಮತ್ತು ಸಂಸ್ಥೆಯ ಸಂಸ್ಕೃತಿ

1877ರಿಂದ ನೂಲು ತೆಗೆಯುತ್ತಿದ್ದ ನಾಗಪುರದ ಎಂಪ್ರೆಸ್ ಮಿಲ್ಲು 2002ರಲ್ಲಿ ಬಾಗಿಲು ಹಾಕಿತು. ಮಹಾರಾಷ್ಟ್ರ ವಿಮಾನ ನಿಲ್ದಾಣ ಅಭಿವೃದ್ಧಿ ಕಂಪನಿ ಹುಟ್ಟಿದ್ದೂ ಅದೇ ವರ್ಷ. ಊರಿನ ದಕ್ಷಿಣಕ್ಕೆ, ಶಿವಣಗಾಂವ್, ಖಾಪ್ರಿ, ದಹೇಗಾಂವ್ ಮೊದಲಾದ ಹಳ್ಳಿಗಳ ಹೊಲಗಳ ಮೇಲೆ ಮಿಹಾನ್ ಎಂಬ ಸರಕು ಕೇಂದ್ರವನ್ನೂ ವಿಶೇಷ ಆರ್ಥಿಕ ವಲಯವನ್ನೂ ಕಟ್ಟುವ ಹೊಣೆ ಅದರದಾಯಿತು. ಈ ಎರಡು ಘಟನೆಗಳಿಗೆ ಕಾರ್ಯಕಾರಣ ಸಂಬಂಧವಿಲ್ಲ. ಆದರೆ ಒಂದೇ ಊರಿನ ಈ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಒಂದು ಸಂಸ್ಥೆಯನ್ನು ರೂಪಿಸುವುದು ಹೊರಗಿನ ಪರಿಸರವೋ, ಗುಣಮಟ್ಟದ ಹಟವೋ, ಒಳಗಿನ ಸಂಸ್ಕೃತಿಯೋ ಎಂಬ ಹಳೆಯ ಪ್ರಶ್ನೆಗೆ ಪಠ್ಯಪುಸ್ತಕಗಳಿಗಿಂತ ಗಟ್ಟಿಯಾದ ಉತ್ತರ ಸಿಗುತ್ತದೆ.

ಆ ಪಠ್ಯಗಳ ವಾದವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗಬಹುದು. ಮಾರುಕಟ್ಟೆ ಸ್ಥಿರವಾಗಿದ್ದರೆ ಕಟ್ಟುನಿಟ್ಟಿನ ಶ್ರೇಣಿಯ ಸಂಸ್ಥೆ ಬಾಳುತ್ತದೆ, ಅಸ್ಥಿರವಾಗಿದ್ದರೆ ಸಡಿಲ ರಚನೆಯದು ಬಾಳುತ್ತದೆ ಎಂದು 1961ರಲ್ಲಿ ಬರ್ನ್ಸ್ ಮತ್ತು ಸ್ಟಾಕರ್ ತೋರಿಸಿದರು. 1985ರಲ್ಲಿ ಎಡ್ಗರ್ ಶೈನ್, ಗೋಡೆಗೆ ತೂಗುಹಾಕಿದ ಧ್ಯೇಯವಾಕ್ಯಕ್ಕಿಂತ ಯಾರೂ ಬಾಯಿಬಿಟ್ಟು ಹೇಳದ ನಂಬಿಕೆಗಳೇ ಸಂಸ್ಥೆಯ ನಿಜವಾದ ಸಂಸ್ಕೃತಿ ಎಂದರು. ನಮ್ಮ ದೇಶದ್ದೇ ಒಂದು ಉದಾಹರಣೆಯೂ ಇದೆ. 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿನಲ್ಲಿ ಎ. ಕೆ. ರೈಸ್ ನೇಕಾರರನ್ನು ಸಣ್ಣ ಗುಂಪುಗಳಾಗಿ ಮಾಡಿ ಮಗ್ಗಗಳ ಹೊಣೆಯನ್ನು ಗುಂಪಿಗೇ ಒಪ್ಪಿಸಿದರು. ಯಂತ್ರ ಬದಲಾಗಲಿಲ್ಲ, ಆದರೂ ಇಳುವರಿ ಹೆಚ್ಚಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು. ವಿದೇಶಿ ಮಾದರಿಗಳನ್ನೇ ಬಾಯಿಪಾಠ ಮಾಡುವ ನಮ್ಮ ತರಗತಿಗಳಲ್ಲಿ ಈ ಪ್ರಯೋಗಕ್ಕೆ ಸಿಗುವ ಜಾಗ ತೀರ ಕಡಿಮೆ.

ಇದಕ್ಕೂ ಬಹಳ ಹಿಂದೆ ಜಮ್‌ಷೇಟ್‌ಜಿ ಟಾಟಾ ಮುಂಬೈಯನ್ನು ಬಿಟ್ಟು ನಾಗಪುರವನ್ನು ಆರಿಸಿಕೊಂಡರಲ್ಲ, ಅದು ಸಂಪೂರ್ಣವಾಗಿ ಪರಿಸರದ ಲೆಕ್ಕಾಚಾರ. ಸುತ್ತ ಹತ್ತಿ ಬೆಳೆಯುತ್ತಿತ್ತು, ವರೋರಾದ ಕಲ್ಲಿದ್ದಲು ಹತ್ತಿರವಿತ್ತು, ರೈಲು ಬಂದಿತ್ತು. 1874ರಲ್ಲಿ ಕಂಪನಿ ಸ್ಥಾಪಿಸಿ, ವಿಕ್ಟೋರಿಯಾ ಚಕ್ರವರ್ತಿನಿ ಎಂದು ಘೋಷಣೆಯಾದ 1877ರ ಜನವರಿ 1ರಂದು ಮಿಲ್ಲನ್ನು ಆರಂಭಿಸಿದರು. ಜೌಗು ನೆಲಕ್ಕೆ ಮಣ್ಣು ತುಂಬಿಸುತ್ತಿದ್ದುದನ್ನು ಕಂಡ ಸ್ಥಳೀಯ ಸಾಹುಕಾರನೊಬ್ಬ, ಈತ ಚಿನ್ನವನ್ನು ಗುಂಡಿಗೆ ಸುರಿಯುತ್ತಿದ್ದಾನೆ ಎಂದು ಸಾಲ ಕೊಡಲು ನಿರಾಕರಿಸಿದನೆಂಬ ಕಥೆ ಟಾಟಾ ಚರಿತ್ರೆಗಳಲ್ಲಿ ತಪ್ಪದೆ ಬರುತ್ತದೆ.

ಪರಿಸರ ಅಷ್ಟು ಅನುಕೂಲವಾಗಿದ್ದರೂ ಆರಂಭ ಚೆನ್ನಾಗಿರಲಿಲ್ಲ. ಹಣ ಉಳಿಸಲು ತಂದ ಅಗ್ಗದ ಯಂತ್ರಗಳಿಂದ ಕಳಪೆ ನೂಲು ಬಂತು. ಟಾಟಾ ಆ ಯಂತ್ರಗಳನ್ನು ತೆಗೆಸಿ ಉತ್ತಮವಾದುವನ್ನು ಹಾಕಿಸಿದರು. ಲ್ಯಾಂಕಾಷೈರ್‌ನವರೇ ಇನ್ನೂ ಅನುಮಾನಿಸುತ್ತಿದ್ದ ರಿಂಗ್ ಕದಿರನ್ನು 1880ರ ದಶಕದಲ್ಲಿ ನಾಗಪುರದಲ್ಲಿ ಪರೀಕ್ಷಿಸಿ ಅಳವಡಿಸಿಕೊಂಡರು. ಮಿಲ್ಲಿನ ಆಡಳಿತವನ್ನು ಒಪ್ಪಿಸಿದ್ದು ಬೆಜೊಂಜಿ ದಾದಾಭಾಯಿ ಮೆಹ್ತಾ ಅವರಿಗೆ. ಅವರು ಬಂದದ್ದು ರೈಲ್ವೆಯ ಸರಕು ವಿಭಾಗದಿಂದ. ಜವಳಿಯ ಗಂಧವೂ ಇಲ್ಲದ ವ್ಯಕ್ತಿಯ ಕೈಗೆ ಗಿರಣಿ ಕೊಡುವುದು ಆ ಕಾಲಕ್ಕೆ ದುಸ್ಸಾಹಸವೇ.

ಅದಕ್ಕಿಂತ ದೊಡ್ಡ ತೊಡಕು ಜನರದು. ಹೊಲದ ಕೆಲಸಕ್ಕೆ ಒಗ್ಗಿದವರಿಗೆ ದಿನವೂ ಗಂಟೆಗೆ ಸರಿಯಾಗಿ ಬರುವ ರೂಢಿ ಇರಲಿಲ್ಲ. ಗೈರುಹಾಜರಿ ವಿಪರೀತವಾಗಿತ್ತು. ದಂಡ ಹಾಕುವುದು ಅಂದಿನ ಎಲ್ಲ ಗಿರಣಿಗಳ ಮದ್ದು. ಎಂಪ್ರೆಸ್ ಮಿಲ್ಲು ಬೇರೆ ದಾರಿ ಹಿಡಿಯಿತು: ಒಳಗೆ ಗಾಳಿ ಮತ್ತು ತೇವದ ವ್ಯವಸ್ಥೆ, ಕ್ರಮವಾಗಿ ಬರುವವರಿಗೆ ಬಹುಮಾನ, 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ. ದೇಶದಲ್ಲಿ ಕಾರ್ಮಿಕ ಪರಿಹಾರ ಕಾಯಿದೆ ಬಂದದ್ದು 1923ರಲ್ಲಿ. ಇದನ್ನು ಬರೀ ದಾನಬುದ್ಧಿ ಎಂದು ಓದುವುದು ತಪ್ಪು. ನುರಿತ ಕೈ ಮಿಲ್ಲಿನಲ್ಲೇ ಉಳಿದರೆ ಮಾತ್ರ ನೂಲು ಒಂದೇ ಸಮ ಬರುತ್ತದೆ. ಗುಣಮಟ್ಟದ ಅಗತ್ಯವೇ ಇಲ್ಲಿ ಸಂಸ್ಕೃತಿಯನ್ನು ಕಟ್ಟಿತು. ಕೊನೆಗೆ ಜವಳಿಯ ಪರಿಸರವೇ ತಿರುಗಿಬಿದ್ದಾಗ ಆ ಸಂಸ್ಕೃತಿಯೂ ಮಿಲ್ಲನ್ನು ಉಳಿಸಲಿಲ್ಲ. 1986ರಲ್ಲಿ ಅದು ರಾಜ್ಯ ಜವಳಿ ನಿಗಮದ ಪಾಲಾಯಿತು. ಸಂಸ್ಕೃತಿಯೊಂದಿದ್ದರೆ ಎಲ್ಲವನ್ನೂ ಗೆಲ್ಲಬಹುದೆನ್ನುವ ಆಡಳಿತ ಗುರುಗಳು ಈ ಕೊನೆಯ ಅಧ್ಯಾಯವನ್ನೂ ಓದಬೇಕು.

ಮಿಹಾನ್ ಹುಟ್ಟಿದ್ದು ಮಾತ್ರ ತದ್ವಿರುದ್ಧ ಕ್ರಮದಲ್ಲಿ. ಇಲ್ಲಿ ಮೊದಲು ಬಂದದ್ದು ನಕಾಶೆ. ದೇಶದ ನಡುಮಧ್ಯದ ಊರು, ವಿಮಾನ, ರೈಲು, ಹೆದ್ದಾರಿ ಮೂರೂ ಕೂಡುವ ಜಾಗ, ಎಲ್ಲ ಸೇರಿ ನಾಲ್ಕು ಸಾವಿರ ಹೆಕ್ಟೇರಿಗೂ ಮಿಗಿಲಾದ ಯೋಜನೆ. 2005ರ ವಿಶೇಷ ಆರ್ಥಿಕ ವಲಯ ಕಾಯಿದೆ ರಫ್ತು ಲಾಭದ ಮೇಲೆ ಮೊದಲ ಐದು ವರ್ಷ ಪೂರ್ಣ, ಮುಂದಿನ ಐದು ವರ್ಷ ಅರ್ಧ ಆದಾಯ ತೆರಿಗೆ ವಿನಾಯಿತಿ ಕೊಟ್ಟಿತು. ಕಂಪನಿಗಳು ಜಾಗ ಹಿಡಿದವು. ಹಿಡಿದವರೆಲ್ಲ ಕಟ್ಟಲಿಲ್ಲ. 2008ರ ಜಾಗತಿಕ ಕುಸಿತದ ಬೆನ್ನಿಗೆ, 2011ರ ಬಜೆಟ್ಟು ಈ ವಲಯಗಳಿಗೂ ಕನಿಷ್ಠ ಪರ್ಯಾಯ ತೆರಿಗೆಯನ್ನು ಹೇರಿತು. ಮಿಹಾನ್‌ಗೆಂದೇ ಕಟ್ಟಿದ ವಿದ್ಯುತ್ ಸ್ಥಾವರ ನಿಂತುಹೋಯಿತು. ಭೂಮಿ ಕೊಟ್ಟ ಹಳ್ಳಿಗಳ ಪುನರ್ವಸತಿ ವರ್ಷಗಟ್ಟಲೆ ಎಳೆಯಿತು. ಮಿಹಾನ್ ಎಂಬ ಇಂಗ್ಲಿಷ್ ಸಂಕ್ಷೇಪದಲ್ಲೇ ಸೇರಿರುವ ವಿಮಾನ ನಿಲ್ದಾಣದ ಪಾಡು ಇನ್ನೂ ವಿಚಿತ್ರ: 2019ರ ಮಾರ್ಚಿನಲ್ಲಿ ಜಿಎಂಆರ್ ಸಂಸ್ಥೆಗೆ ಗುತ್ತಿಗೆ ಪತ್ರ ಹೋಯಿತು, 2020ರಲ್ಲಿ ಅದು ರದ್ದಾಯಿತು, 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಆ ರದ್ದತಿಯನ್ನು ತಳ್ಳಿಹಾಕಿತು, 2022ರಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಪರಿಹಾರಾತ್ಮಕ ಅರ್ಜಿಯವರೆಗೂ ಹೋದ ವ್ಯಾಜ್ಯ ಮುಗಿದದ್ದು 2024ರ ಸೆಪ್ಟೆಂಬರಿನಲ್ಲಿ. ತೆರಿಗೆ ಕಡಿಮೆ ಇದ್ದರೆ ಸಾಕೆಂದು ಬಂದ ಸಂಸ್ಥೆಗೆ ತೆರಿಗೆಯ ನಿಯಮ ಬದಲಾದೊಡನೆ ಅಲ್ಲಿರಲು ಕಾರಣವೇ ಉಳಿಯುವುದಿಲ್ಲ.

ಹಾಗಿದ್ದೂ ನೆಲೆ ನಿಂತವು ಯಾವುವು? ನನ್ನ ಗಮನ ಸೆಳೆಯುವುದು ವಿಮಾನದ ಕೆಲಸ. ಏರ್ ಇಂಡಿಯಾ 68 ವಿಮಾನಗಳನ್ನು ಖರೀದಿಸಿದ 2006ರ ಒಪ್ಪಂದದ ಭಾಗವಾಗಿ ಬೋಯಿಂಗ್ ಇಲ್ಲಿ ದುರಸ್ತಿ ಕೇಂದ್ರ ಕಟ್ಟಿಕೊಡಬೇಕಿತ್ತು. ಅದು ಸಿದ್ಧವಾದದ್ದು 2015ರಲ್ಲಿ. ಬೋಯಿಂಗ್ 777ರಂಥ ದೊಡ್ಡ ವಿಮಾನ ಹೊಗುವ ಹ್ಯಾಂಗರಿನಲ್ಲಿ ಗುಣಮಟ್ಟವೆಂಬುದು ಫಲಕದ ಮೇಲಿನ ಘೋಷಣೆಯಾಗಿ ಉಳಿಯಲಾರದು. ಪರವಾನಗಿ ಇರುವ ಇಂಜಿನಿಯರ್ ತನ್ನ ಹೆಸರಿನಲ್ಲಿ ಸಹಿ ಹಾಕದೆ ವಿಮಾನ ಮತ್ತೆ ಹಾರುವಂತಿಲ್ಲ. ಪಾಳಿ ಮುಗಿದಾಗ ಒಂದು ಸ್ಪ್ಯಾನರ್ ಲೆಕ್ಕಕ್ಕೆ ಸಿಗದಿದ್ದರೆ ಅದು ಸಿಗುವವರೆಗೆ ಹುಡುಕಬೇಕು. ‘ನನ್ನಿಂದ ತಪ್ಪಾಯಿತು’ ಎಂದು ಕಿರಿಯ ತಂತ್ರಜ್ಞನೊಬ್ಬ ಹೆದರದೆ ಹೇಳಬಲ್ಲ ವಾತಾವರಣ ಇಲ್ಲದ ಕಡೆ ಈ ನಿಯಮಗಳು ಕಾಗದದಲ್ಲೇ ಉಳಿಯುತ್ತವೆ. ಅಲ್ಲಿ ಹಿರಿಯ ಅಧಿಕಾರಿಗೆ ಎದುರು ಹೇಳಲು ಅಳುಕುವ ನಮ್ಮ ಸಾಮಾಜಿಕ ಅಭ್ಯಾಸ ನೇರವಾಗಿ ಸುರಕ್ಷತೆಯ ಪ್ರಶ್ನೆಯಾಗುತ್ತದೆ.

ಡಸಾಲ್ಟ್ ರಿಲಯನ್ಸ್ ಏರೋಸ್ಪೇಸ್ ಕತೆಯೂ ಇದೇ ಬಗೆಯದು. 2017ರ ಅಕ್ಟೋಬರಿನಲ್ಲಿ ಶಂಕುಸ್ಥಾಪನೆಯಾದ ಆ ಕಾರ್ಖಾನೆ ಮೊದಲು ಫಾಲ್ಕನ್ 2000 ವಿಮಾನದ ಮೂತಿಯ ಭಾಗಗಳನ್ನಷ್ಟೇ ಮಾಡಿತು. ಇಡೀ ವಿಮಾನವನ್ನು ನಾಗಪುರದಲ್ಲೇ ಜೋಡಿಸುವ ನಿರ್ಧಾರ ಪ್ರಕಟವಾದದ್ದು 2025ರ ಜೂನಿನಲ್ಲಿ. ಶಂಕುಸ್ಥಾಪನೆಯಿಂದ ಆ ಪ್ರಕಟಣೆಯವರೆಗೆ ಹೆಚ್ಚುಕಡಿಮೆ ಎಂಟು ವರ್ಷ. ಕೈ ಪಳಗಲು ಬೇಕಾಗುವ ಕಾಲವನ್ನು ಯಾವ ರಿಯಾಯಿತಿಯೂ ಮೊಟಕು ಮಾಡಲಾರದು.

ಟಿಸಿಎಸ್, ಎಚ್‌ಸಿಎಲ್, ಇನ್ಫೋಸಿಸ್‌ಗಳ ಕ್ಯಾಂಪಸ್ಸುಗಳ ಮಾತು ಬೇರೆ. ಅವು ತಮ್ಮ ರೀತಿನೀತಿಗಳನ್ನು ಬೇರೆಡೆಯಿಂದ ಸಿದ್ಧವಾಗಿಯೇ ಹೊತ್ತು ತಂದವು. ಇಲ್ಲಿ ಕನ್ನಡದ ಓದುಗರಿಗೆ ಬೆಂಗಳೂರು ನೆನಪಾಗದೆ ಇರದು. ನಮ್ಮಲ್ಲಿ ತಂತ್ರಾಂಶಕ್ಕೆ ಮೊದಲು ಕಾರ್ಯಾಗಾರವಿತ್ತು: 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಹಿಂದುಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಆರ್. ಕೆ. ಬಾಳಿಗರು 1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡಾಗ ಊರಿನಲ್ಲಿ ಅಳತೆಗೋಲಿನ ಶಿಸ್ತು ಕಲಿತ ಒಂದು ತಲೆಮಾರು ಆಗಲೇ ಇತ್ತು. ನಾಗಪುರಕ್ಕೂ ಅಂಥ ಬಂಡವಾಳ ಇತ್ತು. ಅದು ಗಿರಣಿಯ ಬಾಗಿಲಿನ ಜೊತೆಗೇ ಮುಚ್ಚಿಹೋಯಿತು. ಹೊಸ ಯೋಜನೆ ಗಿರಣಿ ಕಾರ್ಮಿಕರ ಮಕ್ಕಳನ್ನೂ ಭೂಮಿ ಕೊಟ್ಟವರ ಮಕ್ಕಳನ್ನೂ ನುರಿತ ಕೆಲಸಗಾರರನ್ನಾಗಿ ಮಾಡುವ ಕೆಲಸದಿಂದ ಶುರುವಾಗಲಿಲ್ಲ. ತೆರಿಗೆಯ ಕೋಷ್ಟಕದಿಂದ ಶುರುವಾಯಿತು. ನನ್ನ ದೃಷ್ಟಿಯಲ್ಲಿ ಮಿಹಾನ್ ನಿಧಾನವಾಗಲು ವಿದ್ಯುತ್ತು, ವ್ಯಾಜ್ಯಗಳಷ್ಟೇ ಮುಖ್ಯವಾದ ಕಾರಣವಿದು, ಹೆಚ್ಚು ಜನ ಹೇಳದ ಕಾರಣವೂ ಹೌದು.

2022ರ ಮೇ ತಿಂಗಳಲ್ಲಿ ಐಐಎಂ ನಾಗಪುರದ ಕಾಯಂ ಕ್ಯಾಂಪಸ್ ದಹೇಗಾಂವ್‌ನಲ್ಲಿ ಉದ್ಘಾಟನೆಯಾಯಿತು. ಅಲ್ಲಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಸಂಸ್ಥೆಯ ಸಂಸ್ಕೃತಿಯ ಉದಾಹರಣೆಗೆ ಟೊಯೋಟಾವರೆಗೆ ಹೋಗುವ ಮುನ್ನ ಹ್ಯಾಂಗರಿನ ಪಾಳಿಗಳನ್ನೂ, ಎಂಪ್ರೆಸ್ ಮಿಲ್ಲಿನಲ್ಲಿ ದುಡಿದು ನಗರದಲ್ಲಿ ಇನ್ನೂ ಬದುಕಿರುವ ಹಿರಿಯ ಕಾರ್ಮಿಕರ ನೆನಪುಗಳನ್ನೂ ದಾಖಲಿಸಿಕೊಳ್ಳಬೇಕು. ಮಿಲ್ಲು ಮುಚ್ಚಿ ಎರಡು ದಶಕ ಕಳೆದಿದೆ. ಈ ಕೆಲಸಕ್ಕೆ ಉಳಿದಿರುವ ಸಮಯ ಹೆಚ್ಚಿಲ್ಲ.