ಗಂಗಾವತಿ ಸೀಮೆಯ ಕ್ಯಾಂಪುಗಳು: ಆರಂಭಕಾಲದ ಚರಿತ್ರೆ

ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ಭಾಗಗಳಲ್ಲಿ, ತುಂಗಭದ್ರಾ ಎಡದಂಡೆ ನಾಲೆಯನ್ನು ಆಶ್ರಯಿಸಿ, ಆಂಧ್ರದ ಕರಾವಳಿಯಿಂದ ವಲಸೆ ಬಂದ ರೈತರು ಕಟ್ಟಿಕೊಂಡ ಕೃಷಿಗ್ರಾಮಗಳನ್ನು ಜನರು ಕ್ಯಾಂಪುಗಳೆಂದು ಕರೆಯುತ್ತಾರೆ. ಶ್ರೀರಾಮನಗರ ಇವುಗಳಲ್ಲಿ ಪ್ರಸಿದ್ಧವಾದುದು.

ನೀರಾವರಿಯು ಈ ಸೀಮೆಗೆ ನೂತನವಾದುದಲ್ಲ. ವಿಜಯನಗರದ ಕಾಲದ ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿ ಕಾಲುವೆಗಳು ನದೀತೀರದ ಗದ್ದೆಗಳಿಗೆ ಶತಮಾನಗಳಿಂದಲೂ ನೀರೂಡಿವೆ. ಆದರೆ ಹೊಳೆಯಿಂದ ದೂರ ಸರಿದಂತೆಲ್ಲ, ಜೋಳ, ಸಜ್ಜೆ, ಹತ್ತಿಗಳಿಗೆ ಮಳೆಯೊಂದೇ ಗತಿಯಾದ ಖುಷ್ಕಿ ಭೂಮಿ. ಮಳೆ ತಪ್ಪಿದರೆ ಕ್ಷಾಮ. ಇದರ ನಿವಾರಣೆಗೆಂದು ಹೈದರಾಬಾದ್ ಸಂಸ್ಥಾನವೂ ಮದರಾಸು ಸರ್ಕಾರವೂ ಒಡಗೂಡಿ ಕೈಗೊಂಡ ತುಂಗಭದ್ರಾ ಯೋಜನೆಗೆ 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆಯಾಗಿ, 1953ರಲ್ಲಿ ನಾಲೆಗೆ ನೀರು ಬಂದಿತು.

ಏರುತಗ್ಗಿನ ಹೊಲಗಳನ್ನು ಸಮಮಾಡಿ, ಬದು ಕಟ್ಟಿ, ಗದ್ದೆಯಾಗಿಸುವುದಕ್ಕೆ ಬೇಕಾದ ಬಂಡವಾಳವಾಗಲಿ ಅನುಭವವಾಗಲಿ ಸ್ಥಳೀಯ ರೈತರಲ್ಲಿ ಬಹುಮಂದಿಗೆ ಇರಲಿಲ್ಲ. ಕೃಷ್ಣಾ-ಗೋದಾವರಿ ಮುಖಜಭೂಮಿಯವರಿಗೆ ಇವೆರಡೂ ಇದ್ದುವು; ಮೇಲಾಗಿ, ಅಲ್ಲಿಯ ತುಂಡುಭೂಮಿಯನ್ನು ಮಾರಿದ ಹಣಕ್ಕೆ ಇಲ್ಲಿ ಅದರ ಹಲವು ಪಟ್ಟು ನೆಲ ದೊರೆಯುತ್ತಿದ್ದಿತು. ಹಾಗೆ ಬಂದವರು ಹಳೆಯ ಊರುಗಳ ಒಳಗೆ ಸೇರದೆ, ಕೊಂಡ ಹೊಲಗಳ ಮಗ್ಗುಲಲ್ಲಿಯೇ ಗುಡಿಸಲು ಹಾಕಿ, ಕಾಲಕ್ರಮದಲ್ಲಿ ರಾಮಮಂದಿರ, ಶಾಲೆ, ಅಕ್ಕಿಗಿರಣಿಗಳನ್ನು ಕಂಡರು. ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುವ ಮಕ್ಕಳು ಇಲ್ಲಿ ಬೆಳೆದರು. ಗಂಗಾವತಿಗೆ ಭತ್ತದ ಕಣಜವೆಂಬ ಖ್ಯಾತಿ ಬಂದುದರಲ್ಲಿ ಇವರ ಪರಿಶ್ರಮದ ಪಾಲು ದೊಡ್ಡದು.

ಆದರೆ ನೆಲವನ್ನು ಕೊಂಡವರ ಚರಿತ್ರೆಯ ಜೊತೆಗೆ ಮಾರಿದವರ ಚರಿತ್ರೆಯನ್ನೂ ಬರೆಯದಿದ್ದರೆ ಅದು ಅರ್ಧಸತ್ಯವೇ ಸರಿ. ಅಗ್ಗದ ಬೆಲೆಗೆ ಹೊಲ ಬಿಟ್ಟುಕೊಟ್ಟು, ಬಳಿಕ ಅಲ್ಲಿಯೇ ನಾಟಿ, ಕಳೆ, ಕೊಯ್ಲುಗಳ ಕೂಲಿಗೆ ನಿಂತ ಕುಟುಂಬಗಳೂ ಈ ಗ್ರಾಮಗಳ ನಿರ್ಮಾತೃಗಳೆಂದೇ ಎಣಿಸಲ್ಪಡಬೇಕು. ಇನ್ನು ನಾಲೆಯ ಮೂಲೋದ್ದೇಶವಾದರೋ, ಮಿತವಾದ ನೀರನ್ನು ವಿಸ್ತಾರವಾದ ಪ್ರದೇಶಕ್ಕೆ ಹಂಚಿ, ಹೆಚ್ಚಿನ ಭಾಗದಲ್ಲಿ ಅಲ್ಪ ನೀರಿನ ಬೆಳೆಗಳನ್ನು ರಕ್ಷಿಸುವುದಾಗಿದ್ದಿತು. ಮೇಲ್ಭಾಗದಲ್ಲಿ ಭತ್ತ ಹಬ್ಬಿದಂತೆ ರಾಯಚೂರು ಕಡೆಯ ಕೊನೆಯಂಚಿನ ಹೊಲಗಳಿಗೆ ನೀರಿನ ಕೊರತೆ ತಟ್ಟಿತು. ಕುಷ್ಟಗಿ, ಯಲಬುರ್ಗಾಗಳ ಎತ್ತರದ ನೆಲಕ್ಕಂತೂ ಈ ನಾಲೆ ಹತ್ತಲೇ ಇಲ್ಲವಾಗಿ, ಅಲ್ಲಿಯ ಒಕ್ಕಲುತನವು ಮೊದಲಿನಂತೆಯೇ ಮುಂಗಾರು ಹಿಂಗಾರುಗಳನ್ನು ಅವಲಂಬಿಸಿ ನಡೆಯಿತು.